ಡೊಂಕು ಬಾಲದ ದೋಷ

ನಾಯಿಯ ಬಾಲ ಎಂದಿಗೂ ಡೊಂಕು ಎಂಬ ಗಾದೆಯನ್ನು ನಾವು ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಮಾತು ಕೇಳದ ಮಗನಿಗೆ, ಪಾಠ ಒಪ್ಪಿಸದ ವಿದ್ಯಾರ್ಥಿಗೆ ಅದನ್ನು ಧಾರಾಳವಾಗಿ ಅನ್ವಯಿಸುತ್ತೇವೆ. ಆದರೆ ಆ ಬಾಲವನ್ನು ನೆಟ್ಟಗೆ ಮಾಡಲು ಹೊರಟವರು ಯಾರು? ನಾಯಿಯಂತೂ ಅಲ್ಲ, ಅದಕ್ಕೆ ತನ್ನ ಬಾಲದಿಂದ ಯಾವ ತೊಂದರೆಯೂ ಇರಲಿಲ್ಲ. ಗಾದೆಯಲ್ಲಿ ಸೋತವನು ಮನುಷ್ಯ, ದೋಷ ಹೊತ್ತದ್ದು ನಾಯಿ.

ಈ ವಿಚಾರ ನನಗೆ ಹೊಳೆದದ್ದು ಗ್ರಂಥಗಳಿಂದಲ್ಲ, ವಿರೂಪಾಪುರಗಡ್ಡೆಯಲ್ಲಿ. ಹಂಪೆಯ ಎದುರಿಗೆ, ತುಂಗಭದ್ರೆಯ ಕವಲುಗಳ ನಡುವೆ ಇರುವ ಈ ಗಡ್ಡೆ ಗಂಗಾವತಿ ತಾಲ್ಲೂಕಿಗೆ ಸೇರಿದ್ದು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2020ರಲ್ಲಿ ಅಲ್ಲಿನ ಅತಿಥಿಗೃಹಗಳನ್ನು ಕೆಡವಿದರಷ್ಟೆ; ಅದಕ್ಕೂ ಮುಂಚಿನ ಮಾತಿದು. ನಮ್ಮ ಮನೆಯಲ್ಲಿ ಕರಿಯ ಎಂಬ ನಾಯಿ ಇತ್ತು. ಬೀದಿಯ ತಾಯಿಗೆ ಹುಟ್ಟಿದ ಮರಿ. ಒಂದು ತಿಂಗಳೊಳಗೆ ಅದು ಕೂರೆಂದರೆ ಕೂರಬೇಕು, ಅತಿಥಿಗಳು ಬಂದರೆ ಬೊಗಳಬಾರದು, ಎಲ್ಲಿಗೆ ಕರೆದರೂ ಅಂಜದೆ ಬರಬೇಕು ಎಂದು ನಾನು ಸಂಕಲ್ಪಿಸಿದ್ದೆ. ಕರಿಯನನ್ನು ಯಾರೂ ಕೇಳಿರಲಿಲ್ಲ.

ಒಂದು ಭಾನುವಾರ ಹಂಪೆಗೆ ದಾಟಲು ಅದನ್ನು ಹರಿಗೋಲಿನ ಬಳಿ ಒಯ್ದೆ. ತೊನೆದಾಡುವ ಆ ಬಿದಿರಿನ ಬುಟ್ಟಿಯನ್ನು ಕಂಡು ಅದು ನಡುಗಿತು, ಹಿಂದಕ್ಕೆ ಜಗ್ಗಿತು, ಭಯದಿಂದ ನಿಂತಲ್ಲೇ ಒದ್ದೆ ಮಾಡಿಕೊಂಡಿತು. ಸುತ್ತಲಿನ ಜನ ನಕ್ಕರು. ನನಗೆ ಅವಮಾನವಾಯಿತು, ಕೈಯಲ್ಲಿದ್ದ ಬಾರಿನಿಂದ ಎರಡೇಟು ಬಿಗಿದೆ. ಅಂಬಿಗ ಹುಟ್ಟನ್ನು ಕೆಳಗಿಟ್ಟು ಹೇಳಿದ: “ಬಡೀಬ್ಯಾಡ್ರೀ ಸರ. ಹೊಳಿ ದಾಟೋದು ಆಮ್ಯಾಲೆ. ಮೊದ್ಲು ದಂಡಿ ಮ್ಯಾಲಿನ ಹರಗೋಲದಾಗ ಕುಂದ್ರಲಿ.”

ಕಾಲೇಜಿನಲ್ಲಿ ಇಷ್ಟು ವರ್ಷ ಪಾಠ ಹೇಳಿದ ನನಗೆ ಈ ಮಾತು ಹೊಳೆದಿರಲಿಲ್ಲ. ನಾನು ಕರಿಯನ ಮುಂದಿಟ್ಟಿದ್ದ ಗುರಿ ಆಚೆಯ ದಡ. ಅದಕ್ಕೆ ಬೇಕಾಗಿದ್ದುದು ಮುಂದಿನ ಒಂದು ಹೆಜ್ಜೆ. ಅಲ್ಲಿಂದ ಮುಂದೆ ಕೆಲವು ಭಾನುವಾರ ಮರಳ ಮೇಲಿಟ್ಟ ಹರಿಗೋಲಿನಲ್ಲಿ ರೊಟ್ಟಿಯ ತುಣುಕಿಟ್ಟು ಕಾದೆವು. ಒಂದು ದಿನ ಮುಂಗಾಲಿಟ್ಟಿತು. ಇನ್ನೊಂದು ದಿನ ಒಳಗೆ ಹೋಗಿ ಕುಳಿತಿತು.

ಗುರಿಯನ್ನು ಹೀಗೆ ಇಳಿಸುತ್ತ ಹೋದರೆ ಆದರ್ಶಕ್ಕೇ ಎಳ್ಳುನೀರು ಬಿಟ್ಟಂತಾಗದೆ ಎಂದು ಓದುಗರು ಕೇಳಬಹುದು. ಹತ್ತನೆಯ ಶತಮಾನದ ಆತಕೂರು ಶಾಸನವನ್ನು ನೆನೆಯಿರಿ. ಗಂಗರ ದೊರೆ ಬೂತುಗನಿಂದ ಮಣಲೇರನು ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಕಾಳಿಯ ಸಾಧನೆ ಅಲ್ಪವಲ್ಲ. ಆದರೆ ಅದು ಕಾಳಿಯ ಹುಟ್ಟುಗುಣದ ದಾರಿಯಲ್ಲಿಯೇ ಇತ್ತು. ನಮ್ಮ ಕೊಪ್ಪಳ ಸೀಮೆಯ ಕುರಿಗಾರನೂ ತನ್ನ ನಾಯಿಗೆ ಕೈಕುಲುಕಲು ಕಲಿಸುವುದಿಲ್ಲ. ರಾತ್ರಿ ತೋಳದ ಸುಳಿವು ಸಿಕ್ಕಾಗ ಬೊಗಳಿದರೆ ಅವನಿಗೆ ಸಾಕು. ಗುರಿ ದೊಡ್ಡದಿರಬಾರದೆಂದಲ್ಲ, ಅದು ಕಲಿಯುವವನ ಗುಣದಿಂದ ಹುಟ್ಟಿತೋ, ಕಲಿಸುವವನ ಪ್ರತಿಷ್ಠೆಯಿಂದ ಹುಟ್ಟಿತೋ ಎಂಬುದೇ ಪ್ರಶ್ನೆ. ಎರಡನೆಯದಾದರೆ ಸೋಲು ನಮ್ಮದು, ಏಟು ಅದರದು.

ಕರಿಯ ಕೊನೆಗೂ ಹೊಳೆ ದಾಟಲಿಲ್ಲ. ಅದರ ಬಗ್ಗೆ ನನಗೆ ಕೊರಗಿಲ್ಲ. ಕೊರಗು ಬೇರೊಂದು. ಆ ಭಾನುವಾರದ ಮೇಲೆ, ಮುಖ ಒರೆಸಿಕೊಳ್ಳಲು ನಾನು ಕೈಯೆತ್ತಿದರೂ ಅದು ಕಿವಿ ಮಡಿಸಿ ನೆಲಕ್ಕೆ ಕುಗ್ಗುತ್ತಿತ್ತು. ತಿಂಗಳಲ್ಲಿ ಕಲಿಸಬೇಕೆಂದಿದ್ದ ಪಾಠಗಳಲ್ಲಿ ಒಂದೂ ಹತ್ತಲಿಲ್ಲ. ಎರಡೇಟಿನ ಪಾಠ ಮಾತ್ರ ಅರೆಗಳಿಗೆಯಲ್ಲಿ ಹತ್ತಿತ್ತು. ಆಗ ನಾನು ಒಂದೇ ಗುರಿ ಇಟ್ಟುಕೊಂಡೆ: ನನ್ನ ಕೈ ಮೇಲೆದ್ದಾಗ ಈ ಪ್ರಾಣಿ ಅಂಜಬಾರದು. ಈ ಪಾಠದಲ್ಲಿ ಕಲಿಯಬೇಕಾದವನು ನಾನು. ನಿಧಾನವಾಗಿ ಏಳುವುದು, ಮೆಲ್ಲಗೆ ಕರೆಯುವುದು, ಬಾರದಿದ್ದರೆ ಕಾಯುವುದು, ಇಷ್ಟನ್ನು ಕಲಿಯಲು ಹೆಚ್ಚುಕಡಮೆ ಒಂದು ವರ್ಷ ಹಿಡಿಯಿತು.

ಒಂದು ಸಂಜೆ ಗೂಟದ ಅಂಗಿಯನ್ನು ತೆಗೆಯಲು ಕೈಯೆತ್ತಿದೆ. ಕರಿಯ ಕಣ್ಣು ತೆರೆದು ನೋಡಿ, ಮತ್ತೆ ನಿದ್ದೆ ಹೋಯಿತು. ಬಾಲ ಡೊಂಕಾಗಿಯೇ ಇತ್ತು.