ರಜೆ ಯಾರದ್ದು?

ಪರ ಊರಿನಲ್ಲಿ ನೌಕರಿ ಮಾಡುವವನಿಗೆ ರಜೆ ಅಂದರೆ ಊರು. ಹಾಗಂತ ಯಾರೂ ಬರೆದು ಕೊಟ್ಟಿಲ್ಲ. ಆದರೂ ಹದಿನಾಲ್ಕು ವರ್ಷದಿಂದ ಚೆನ್ನೈಯಲ್ಲಿರುವ ನಾನು ಅದನ್ನು ಮೀರಿದ್ದಿಲ್ಲ. ದೀಪಾವಳಿಗೆ ಮೂರು ದಿನ, ಜನವರಿಯಲ್ಲಿ ಕುಟುಂಬದ ಮನೆಯ ನೇಮಕ್ಕೆ ಐದು ದಿನ, ಉಳಿದದ್ದು ಯಾರದ್ದಾದರೂ ಮದುವೆಗೆ, ಬೊಜ್ಜಕ್ಕೆ. ಮಂಗಳೂರು ಮೇಲ್ ಹತ್ತುವುದು, ಬೆಳಿಗ್ಗೆ ಕೇರಳದ ಹೊಳೆಗಳನ್ನು ನೋಡುತ್ತಾ ಊರು ಮುಟ್ಟುವುದು, ನಾಲ್ಕು ದಿನ ಎಲ್ಲರ ಮನೆಯಲ್ಲೂ ಚಹಾ ಕುಡಿದು ಮತ್ತೆ ಅದೇ ರೈಲು.

ಹೋದ ಜನವರಿಯಲ್ಲಿ ಅದು ತಪ್ಪಿತು. ‘ನಮಗೇ ಅಂತ ಒಂದು ರಜೆ ಯಾವಾಗ?’ ಎಂದು ಹೆಂಡತಿ ಕೇಳಿದ್ದಳು. ಅವಳು ತಿಪಟೂರಿನವಳು. ಅವಳ ತವರಿಗೆ ನಮ್ಮ ರಜೆಯಲ್ಲಿ ಸಿಗುತ್ತಿದ್ದದ್ದು ಚೂರುಪಾರು ಮಾತ್ರ. ಆ ಲೆಕ್ಕ ಹಿಡಿದು ಅವಳು ಕೇಳಿದ್ದರೆ ನನ್ನ ಬಳಿ ಉತ್ತರ ಇರಲಿಲ್ಲ. ಅವಳು ಹಾಗೆ ಕೇಳಲಿಲ್ಲ. ಸಮುದ್ರದ ಮೇಲೆ ಹಲಗೆ ಹಾಕಿಕೊಂಡು ನಿಲ್ಲುತ್ತಾರಲ್ಲ, ಅದನ್ನು ಕಲಿಯಬೇಕು ಅಂದಳು.

ಅಮ್ಮನಿಗೆ ಫೋನಿನಲ್ಲಿ ನಿಜವನ್ನೇ ಹೇಳಿದೆ. ಅವಳು ತುಳುವಿನಲ್ಲಿ ಕೇಳಿದ್ದನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ. ‘ಕಡಲು ಇಲ್ಲಿಲ್ಲವಾ ಮಗಾ? ಬೇರೆ ದೇಶದ ಕಡಲೇ ಬೇಕಾ ಬೀಳಲಿಕ್ಕೆ?’

ಮಾತು ಸುಳ್ಳಲ್ಲ. ನಮ್ಮ ಮನೆ ಇರುವುದು ಮೂಲ್ಕಿಯ ಹತ್ತಿರ. ವಿದೇಶದಿಂದ ಬಂದ ಕೃಷ್ಣಭಕ್ತರು ಮೂಲ್ಕಿಯಲ್ಲಿ ಆಶ್ರಮ ಮಾಡಿ, ಊರಿನ ಹುಡುಗರಿಗೆ ಸರ್ಫಿಂಗ್ ಕಲಿಸಿ ಎಷ್ಟೋ ವರ್ಷವಾಯಿತು. 2016ರಲ್ಲಿ ಪಕ್ಕದ ಸಸಿಹಿತ್ಲುವಿನಲ್ಲಿ ‘ಇಂಡಿಯನ್ ಓಪನ್’ ಸ್ಪರ್ಧೆಯೇ ನಡೆಯಿತು. ಆದರೆ ನೀವೇ ಹೇಳಿ, ಊರಿನ ಕಡಲಿನಲ್ಲಿ ಗಂಡ ಹೆಂಡತಿ ಬಿಗಿ ಬಟ್ಟೆ ಹಾಕಿಕೊಂಡು ಬೀಳುತ್ತಾ ಏಳುತ್ತಾ ಇದ್ದರೆ, ದಡದಲ್ಲಿ ನಿಂತು ನೋಡುವವರಲ್ಲಿ ಎಷ್ಟು ಜನ ನೆಂಟರು? ಹುಟ್ಟಿದ ಊರಿನ ಕಡಲು ದುಡಿಯುವವರದ್ದು. ಅಲ್ಲಿ ಆಡುವುದಕ್ಕೆ ಪರದೇಶಿಯೇ ಆಗಬೇಕು.

ಹಾಗಾಗಿ ಶ್ರೀಲಂಕಾದ ವೆಲಿಗಮ. ವೆಲಿ ಅಂದರೆ ಮರಳು, ಗಮ ಅಂದರೆ ಗ್ರಾಮ. ಚೆನ್ನೈಯಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ ಅಷ್ಟೇ, ಊರಿಗೆ ಹೋಗುವ ರೈಲಿಗಿಂತ ಎಷ್ಟೋ ಹತ್ತಿರ! ಅಲ್ಲಿಂದ ಕಡಲಿಗೆ ಅಂಟಿಕೊಂಡೇ ರೈಲುದಾರಿ. ದಾರಿಯಲ್ಲಿ ಪೆರಲಿಯ ಸಿಗುತ್ತದೆ. 2004ರ ಡಿಸೆಂಬರ್ 26ರಂದು ಮೊದಲ ಅಲೆ ಬಂದಾಗ ನಿಂತ ರೈಲನ್ನು ಆಸರೆ ಅಂತ ನಂಬಿ ಊರಿನವರೂ ಹತ್ತಿದರು. ಆಮೇಲೆ ಬಂದ ದೊಡ್ಡ ಅಲೆಗೆ ಆ ಒಂದು ರೈಲಿನಲ್ಲೇ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಎತ್ತರದ ನಿಂತ ಬುದ್ಧನ ಮೂರ್ತಿ ಇದೆ. ಕಿಟಕಿ ಪಕ್ಕದಲ್ಲಿದ್ದ ಹೆಂಡತಿ ಅದು ದಾಟುವವರೆಗೂ ಮಾತಾಡಲಿಲ್ಲ. ಚೆನ್ನೈಯಲ್ಲೂ ಪ್ರತಿವರ್ಷ ಆ ದಿನ ಮೀನುಗಾರ ಹೆಂಗಸರು ಕಡಲಿಗೆ ಹಾಲು ಸುರಿಯುತ್ತಾರೆ. ಅದೇ ನೀರಿಗೆ ನಾವು ಆಟಕ್ಕೆ ಹೊರಟವರು. ತಪ್ಪು ಅನ್ನಿಸಿತೇ? ಇಲ್ಲ. ಆದರೆ ಕೈಯಲ್ಲಿದ್ದ ಬಾಳೆಹಣ್ಣಿನ ಚಿಪ್ಸು ಆಮೇಲೆ ರುಚಿಸಲಿಲ್ಲ.

ವೆಲಿಗಮದ ಕೊಲ್ಲಿಯಲ್ಲಿ ತಳ ಮರಳು, ಅಲೆ ಸೌಮ್ಯ. ಕಲಿಯುವವರಿಗೆ ಹೇಳಿ ಮಾಡಿಸಿದ ಜಾಗ. ಹಲಗೆಗೆ ಕಟ್ಟಿದ ಹಗ್ಗವನ್ನು ಕಾಲಿಗೆ ಬಿಗಿಯುತ್ತಾರೆ. ಬೋರಲು ಮಲಗಿ ಕೈಯಲ್ಲಿ ನೀರು ತಳ್ಳಬೇಕು, ಹಿಂದಿನಿಂದ ಅಲೆ ಎತ್ತಿದ ಕ್ಷಣಕ್ಕೆ ನೆಗೆದು ನಿಲ್ಲಬೇಕು. ಸಮುದ್ರವನ್ನೇ ಕಾಣದೆ ಬೆಳೆದ ತಿಪಟೂರಿನವಳು ಎರಡನೇ ದಿನ ನಿಂತೇಬಿಟ್ಟಳು. ಕಡಲ ಮಗ ನಾನು ಐದು ದಿನವೂ ಉಪ್ಪುನೀರು ಕುಡಿದೆ.

ಕಲಿಸಿದ ಹುಡುಗ ಒಳನಾಡಿನ ಹಳ್ಳಿಯವನು. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಇಲ್ಲಿ, ಅಲೆ ಕೆಟ್ಟಮೇಲೆ ಪೂರ್ವದ ಅರುಗಮ್ ಕೊಲ್ಲಿಯಲ್ಲಿ. ಮಲಗುವುದು ಹಲಗೆ ಇಡುವ ಗುಡಿಸಿಲಿನಲ್ಲೇ. ಊರಿಗೆ ಯಾವಾಗ ಹೋಗುತ್ತೀ ಅಂದರೆ, ‘ಹೊಸ ವರ್ಷಕ್ಕೆ’ ಅಂದ. ಅವರ ಹೊಸ ವರ್ಷ ಏಪ್ರಿಲ್ ಮಧ್ಯದಲ್ಲಿ, ನಮ್ಮ ಬಿಸುವಿನ ಆಸುಪಾಸು. ‘ನಿಮಗೆ ರಜೆ ಇರುವಾಗ ನನಗೆ ಕೆಲಸ’ ಎಂದು ನಕ್ಕ. ಅವನ ನಗುವಿನಲ್ಲಿ ದೂರು ಇರಲಿಲ್ಲ. ನನಗೇ ಎಲ್ಲೋ ಚುಚ್ಚಿತು.

2022ರಲ್ಲಿ ಆ ದೇಶ ಸಾಲ ತೀರಿಸಲಾಗದೆ ಕೈಚೆಲ್ಲಿ, ಪೆಟ್ರೋಲಿಗೆ ಜನ ದಿನಗಟ್ಟಲೆ ಸಾಲು ನಿಂತದ್ದು ನೆನಪಿರಬಹುದು. ನಮ್ಮಂಥವರು ಹೋದರೆ ಅವರಿಗೆ ನಾಲ್ಕು ಕಾಸು, ನಿಜ. ಆದರೆ ‘ಅವರ ಹೊಟ್ಟೆಪಾಡಿಗಾಗಿ ಹೋದೆ’ ಅಂತ ನಾನು ಹೇಳಿದರೆ ಅದು ಶುದ್ಧ ಬುರುಡೆ. ನಾನು ಹೋದದ್ದು ನನಗಾಗಿ. ಹಾಗೆ ಒಪ್ಪಿಕೊಳ್ಳುವುದಕ್ಕೆ ಯಾಕೆ ಇಷ್ಟು ಕಷ್ಟ?

ನನ್ನ ದುಡಿಮೆ, ನನ್ನ ರಜೆ. ಆಫೀಸಿನಲ್ಲಿ ಕೂತು ಯೋಚಿಸಿದರೆ ವಾದ ಸರಿಯಾಗಿಯೇ ಇದೆ. ಆದರೆ ನಾನು ಚೆನ್ನೈಯಲ್ಲಿ ಕೂತು ದುಡಿಯಲು ಅಮ್ಮ ವರ್ಷದ ಮುನ್ನೂರೈವತ್ತು ದಿನ ಬಿಟ್ಟುಕೊಟ್ಟಿದ್ದಾಳೆ. ಉಳಿದ ಹದಿನೈದರಲ್ಲೂ ಐದು ಕಿತ್ತುಕೊಂಡರೆ ಅದು ನನ್ನ ಬಾಬತ್ತು ಮಾತ್ರವೇ? ಹಾಗಂತ ಋಣ ಎನ್ನುವ ದೊಡ್ಡ ಮಾತನ್ನೂ ನಾನು ಪೂರ್ತಿ ನಂಬುವುದಿಲ್ಲ. ನೇಮದ ರಾತ್ರಿ ಮುಂಬಯಿಯಿಂದ ಬಂದ ದಾಯಾದಿಗಳ ನಡುವೆ ಕೂತು ಮೊಬೈಲು ಉಜ್ಜುತ್ತಿದ್ದವನು ನಾನೇ. ಅದು ಊರಿಗೆ ಹೋಗುವುದಲ್ಲ, ಹಾಜರಿ ಹಾಕುವುದು. ಹಾಜರಿಯಿಂದ ಋಣ ತೀರುತ್ತದೆಯೇ? ಅಮ್ಮನಿಗೆ ಕೇಳಿದರೆ ‘ಅದಾದರೂ ಆಗಲಿ’ ಅಂದಾಳು. ಅಲ್ಲಿಗೆ ನನ್ನ ತರ್ಕ ನಿಂತುಹೋಗುತ್ತದೆ.

ಬಿಸುವಿಗೆ ಇಬ್ಬರೂ ಊರಿಗೆ ಹೋದೆವು. ಪಕ್ಕದ ಮನೆಯ ದೊಡ್ಡಮ್ಮ ಬಂದು ಜಗಲಿಯಲ್ಲಿ ಕೂತಳು.

‘ನೇಮಕ್ಕೆ ನಿನಗೆ ರಜೆಯೇ ಕೊಡಲಿಲ್ಲವಂತೆ? ನಿನ್ನ ಅಮ್ಮ ಎಲ್ಲರ ಹತ್ತಿರ ಹೇಳಿ ಹೇಳಿ ಬೇಜಾರು ಮಾಡಿಕೊಂಡಳು. ಎಂತ ಆಫೀಸು ಮಾರಾಯ ಅದು!’

ಒಳಗೆ ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು. ತುರಿಯುವ ಸದ್ದು ಒಂದು ಗಳಿಗೆ ನಿಂತಿತು. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು.

‘ಹೌದು ದೊಡ್ಡಮ್ಮ,’ ಅಂದೆ, ‘ಈ ಸಲ ಸ್ವಲ್ಪ ಕಷ್ಟ ಆಯಿತು.’

ಒಳಗೆ ತುರಿಯುವ ಸದ್ದು ಮತ್ತೆ ಶುರುವಾಯಿತು.