ಮೂಗಿನ ಪೇಟೆಬೆಲೆ

ಹಳೆಯ ಕಾರಿನ ದುರಸ್ತಿಗೆ ಗ್ಯಾರೇಜಿನವರು ಹೇಳಿದ ಮೊತ್ತವು, ಅದನ್ನು ಮಾರಿದರೆ ಬರಬಹುದಾದ ಹಣಕ್ಕೆ ಸಮೀಪಿಸಿತೆಂದರೆ ಸಾಕು, ಅದರ ಬಾಗಿಲನ್ನೊಮ್ಮೆ ತೆರೆದು ನೋಡದ ನೆಂಟರಿಷ್ಟರೂ ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಯನ್ನುಚ್ಚರಿಸಿ ವ್ಯಾಜ್ಯವನ್ನು ಅಲ್ಲಿಗೇ ಇತ್ಯರ್ಥಪಡಿಸಿಬಿಡುತ್ತಾರೆ. ಗಾದೆಯಲ್ಲಿ ನನಗೆ ಗೌರವವುಂಟು. ಆದರೆ ಮೂಗಿನ ಪೇಟೆಬೆಲೆಯು ಮೂಗನ್ನು ಮಾರಹೊರಟವನಿಗೆ ಮುಖ್ಯವೇ ಹೊರತು ಅದರಿಂದ ಉಸಿರಾಡುವವನಿಗಲ್ಲವೆಂಬುದನ್ನು ಆ ಪಂಡಿತರು ಆಲೋಚಿಸಿದಂತೆ ಕಾಣುವುದಿಲ್ಲ. 50 ಸಾವಿರಕ್ಕೂ ಹೋಗದ ಕಾರಿಗೆ 40 ಸಾವಿರ ಸುರಿಯುವುದು ಅವಿವೇಕವೆಂದು ತೋರಿದರೂ, ಅದರಿಂದ ವಾಹನವು ಇನ್ನೆರಡು ವರ್ಷ ನಿರ್ವಿಘ್ನವಾಗಿ ಓಡುವುದಾದರೆ, ಆ ಎರಡು ವರ್ಷ ಹೊಸ ಕಾರಿನ ಸಾಲಕ್ಕೆ ತೆರಬೇಕಾಗಿದ್ದ ಕಂತುಗಳನ್ನು ಎದುರಿಗಿಟ್ಟು ತೂಗುವುದೇ ನ್ಯಾಯ. ದುರಸ್ತಿಯ ವೆಚ್ಚವು ಪಾಲಿಸಿಯಲ್ಲಿ ಬರೆದ ಮೌಲ್ಯದ ಶೇ. 75ನ್ನು ಮೀರಿದರೆ ವಿಮೆಯವರು ವಾಹನವನ್ನು ಪೂರ್ಣನಷ್ಟವೆಂದು ಎಣಿಸುತ್ತಾರೆ. ಅದು ಹಣ ತೆತ್ತು ಕೈತೊಳೆದುಕೊಳ್ಳುವವರ ಲೆಕ್ಕ, ನಾಳೆ ಬೆಳಗ್ಗೆ ವೃದ್ಧಮಾತೆಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದವನದಲ್ಲ.

ಇಷ್ಟು ಹೇಳಿದೊಡನೆ ನನ್ನೊಳಗಿನ ವಕೀಲನು ಹಿಗ್ಗಿ ಎದ್ದು ನಿಲ್ಲುತ್ತಾನೆ. ರಿಪೇರಿಗೊಂದು ನೆಪ ದೊರೆತರೆ ಅವನಿಗೆ ಹಬ್ಬ. ಹೋದ ವರ್ಷ ಕ್ಲಚ್ ಪ್ಲೇಟ್ ಹಾಕಿಸಿದ್ದಾಯಿತು, ಮೊನ್ನೆಯಷ್ಟೆ ಬ್ಯಾಟರಿ ಬದಲಿಸಿದ್ದಾಯಿತು, ಈಗ ಕೈಬಿಟ್ಟರೆ ಅದೆಲ್ಲ ನೀರಿನಲ್ಲಿ ಹೋಮವಲ್ಲವೆ ಎಂಬುದು ಅವನ ವಾದ. ಎಲೆ ಮನಸೇ, ಹೋದ ಹಣ ಹೋಯಿತು. ಅದು ಹೋದುದೇ ಮತ್ತಷ್ಟು ಹೋಗುವುದಕ್ಕೆ ಕಾರಣವಾಗತಕ್ಕದ್ದಲ್ಲ. ಪ್ರತಿಯೊಂದು ಬಿಲ್ಲಿನ ಮುಂದೆಯೂ ಇದನ್ನು ಹೊಸದಾಗಿ ನಿನಗೆ ಬೋಧಿಸಬೇಕೆ?

ಹಾಗಾದರೆ ನೋಡತಕ್ಕದ್ದೇನು? ರೋಗ ಯಾವ ಅಂಗದಲ್ಲಿದೆಯೆಂಬುದನ್ನು. 1983ರಲ್ಲಿ ಬಂದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರ ವಿಷಯವನ್ನೇ ತೆಗೆದುಕೊಳ್ಳಿ. ಹೊಗೆ ನೀಲಿಯಾಗಿ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಬಹುಶಃ ರಿಂಗುಗಳು ಸವೆದಿವೆ. ಮೂರೇ ಸಿಲಿಂಡರಿನ ಆ ಪುಟ್ಟ ಎಂಜಿನ್ನನ್ನು ಬಿಚ್ಚಿ ಸರಿಪಡಿಸುವುದು ಬಲ್ಲವನಿಗೆ ಕಷ್ಟವಲ್ಲ, ಬಿಡಿಭಾಗಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬಹುದು. ಆದರೆ ಪ್ರತ್ಯೇಕ ಚಾಸಿಯಿಲ್ಲದ ಆ ಕಾರಿಗೆ ತಗಡಿನ ಒಡಲೇ ಅಸ್ಥಿಪಂಜರವಾಗಿರುವುದರಿಂದ, ಸಸ್ಪೆನ್ಷನ್ ಕೂರುವ ಜಾಗವು ತುಕ್ಕಿನಿಂದ ಪೊಳ್ಳಾಗಿದ್ದರೆ, ಕರಾವಳಿಯ ಉಪ್ಪುಗಾಳಿಯಲ್ಲಿ ಬಾಳಿದ ಗಾಡಿಗಳಿಗೆ ಇದು ಅಪರೂಪವಲ್ಲ, ಎಷ್ಟು ಟಿಂಕರಿಂಗ್ ಮಾಡಿಸಿ ಮೇಲೆ ಎಷ್ಟು ಬಣ್ಣ ಬಳಿದರೂ ಅದು ಅಪಾಯಕ್ಕೆ ಹೊದಿಸಿದ ಅಲಂಕಾರವಷ್ಟೆ. ಬಣ್ಣಕ್ಕೆ ಮರುಳಾಗುವ ಕಣ್ಣುಗಳೇ, ಕಾರನ್ನು ಮೇಲೆತ್ತಿಸಿ ಅಡಿಯಿಂದ ನೋಡಿರಿ!

ಉಳಿದುದು ಅಭ್ಯಾಸದ ಮಾತು. ಡೀಸೆಲ್ ಪೆಟ್ರೋಲು ಬಿಟ್ಟು ಮಿಕ್ಕ ಖರ್ಚನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯುವುದು, ಕೆಲಸ ಸಿಗಲಿ ಬಿಡಲಿ ಲಾಭನಷ್ಟವಿಲ್ಲದ ಮೆಕ್ಯಾನಿಕ್ಕೊಬ್ಬನಿಗೆ ಕಾರನ್ನು ತೋರಿಸುವುದು, ಅಂದಾಜು ಕೈಗೆ ಬಂದ ದಿನವೇ ಹೂಂ ಎನ್ನದಿರುವುದು. ಖಾಸಗಿ ಕಾರಿನ ನೋಂದಣಿಯು 15 ವರ್ಷಕ್ಕೆ ಮುಗಿದು, ಬಳಿಕ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ನಿಂತು ನವೀಕರಿಸಿಕೊಳ್ಳಬೇಕಾದ ಕಾರಣ, ದೊಡ್ಡ ಖರ್ಚನ್ನು ಆ ಗಡುವಿಗೆ ಮೊದಲು ಮಾಡುವುದೋ, ಮಾಡದೆ ಬಿಡುವುದೋ ಎಂಬುದನ್ನೂ ಅದರೊಡನೆಯೇ ಯೋಚಿಸಬೇಕು.

ಕೇವಲ ಮಮತೆಯಿಂದ ಇರಿಸಿಕೊಳ್ಳುವವರೂ ಉಂಟು. ಅದು ದೋಷವಲ್ಲ, ಆ ಖರ್ಚನ್ನು ಪ್ರಯಾಣದ ಲೆಕ್ಕದಲ್ಲಿ ಬರೆಯದೆ ಹವ್ಯಾಸದ ಲೆಕ್ಕದಲ್ಲಿ ಬರೆದರಾಯಿತು. ಬಿಡುವುದೇ ನಿಶ್ಚಯವಾದರೆ, ಗುಜರಿಗೆ ಕೊಟ್ಟು ಹಣ ಎಣಿಸಿಕೊಂಡು ಬರುವ ಆತುರದಲ್ಲಿ, ಆರ್‌ಟಿಓ ಕಚೇರಿಯಲ್ಲಿ ಆರ್‌ಸಿಯನ್ನು ರದ್ದುಮಾಡಿಸುವುದನ್ನು ಮಾತ್ರ ಮುಂದೂಡಬೇಡಿ.