ಜಾಸ್ತಿ ಕೂಗಿದವರಿಗೆ ಕೊಡುವುದು ನ್ಯಾಯವೇ?

ನಮ್ಮೂರಿನ ಬಸ್ ನಿಲ್ದಾಣದ ಪಕ್ಕ ಪುರಸಭೆಯ ಹಳೆಯ ಮಳಿಗೆಗಳ ಸಾಲೊಂದಿದೆ. ಅದರಲ್ಲಿ ನನ್ನ ಸೋದರಮಾವನ ಟೈಲರಿಂಗ್ ಅಂಗಡಿಯೂ ಒಂದು. ಮಳೆ ಬಂದರೆ ಸೋರುವ ಆ ಕಟ್ಟಡವನ್ನು ಕೆಡವಿ, ಖಾಸಗಿ ಡೆವಲಪರ್ ಒಬ್ಬರಿಂದ ಹೊಸ ವಾಣಿಜ್ಯ ಸಂಕೀರ್ಣ ಕಟ್ಟಿಸುವ ಮಾತು ಕಳೆದ ವರ್ಷದಿಂದ ನಡೆದಿದೆ. ದಸರಾ ರಜೆಗೆ ಹೋದಾಗ, ಕಾಜಾ ಹೊಲಿಯುತ್ತಿದ್ದ ಮಾವನನ್ನು ಕೇಳಿದೆ: "ಯಾರಿಗೆ ಕೊಡ್ತಾರಂತೆ ಮಾವ?"

"ಜಾಸ್ತಿ ಕೂಗಿದೋರಿಗೆ ಕೊಡ್ಲಿ ಬಿಡಮ್ಮ. ಅದ್ರಲ್ಲಾದ್ರೂ ಮೋಸ ಕಮ್ಮಿ" ಎಂದರು, ತಲೆ ಎತ್ತದೆ.

ನ್ಯಾಯದ ಪರಿಕಲ್ಪನೆಯ ಮೇಲೆ ಸಂಶೋಧನೆ ಮಾಡುತ್ತಿರುವ ನನ್ನ ಬಳಿ ಇದಕ್ಕೊಂದು ಸಿದ್ಧ ಉತ್ತರವಿತ್ತು: ಊರಿನ ಆಸ್ತಿಯನ್ನು ದುಡ್ಡಿನಿಂದಷ್ಟೇ ಅಳೆಯಬಾರದು. ಆದರೆ ಹೇಳಲು ನಾಲಿಗೆ ಏಳಲಿಲ್ಲ. ಅಂಗಡಿ ಕಳೆದುಕೊಳ್ಳಬಹುದಾದವರು ಅವರು. ಹರಾಜಿನ ಪರ ಮಾತಾಡುತ್ತಿದ್ದವರೂ ಅವರೇ. ಯಾಕಿರಬಹುದು?

ದೊಡ್ಡ ಅಂಕಿಗೆ ಒಂದು ಗುಣವಿದೆ. ಅದು ಎಲ್ಲರಿಗೂ ಒಂದೇ ರೀತಿ ಕಾಣುತ್ತದೆ. ಲಕೋಟೆ ಒಡೆದ ಮೇಲೆ ಅಧಿಕಾರಿಯ ನೆಂಟಸ್ತನಕ್ಕೆ, ಜಾತಿಗೆ, ಹಂಗಿಗೆ ಹೆಚ್ಚು ಜಾಗ ಉಳಿಯುವುದಿಲ್ಲ. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 122 ಟೆಲಿಕಾಂ ಲೈಸೆನ್ಸುಗಳನ್ನು ರದ್ದುಮಾಡಿ ಹರಾಜಿನತ್ತ ಬೆರಳು ತೋರಿದಾಗ ದೇಶ ಸಮಾಧಾನಪಟ್ಟಿದ್ದು ಇದೇ ಕಾರಣಕ್ಕೆ. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ, ರಾಷ್ಟ್ರಪತಿಗಳು ಕೇಳಿದ ಪ್ರಶ್ನೆಗೆ ಉತ್ತರಿಸುತ್ತಾ ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ, ನೈಸರ್ಗಿಕ ಸಂಪನ್ಮೂಲಗಳನ್ನು ಹಂಚಲು ಹರಾಜೊಂದೇ ಸಂವಿಧಾನಬದ್ಧ ಮಾರ್ಗವಲ್ಲ ಎಂದಿತು. ಹೆಚ್ಚು ಆದಾಯ ಬರುವುದೂ ಸಾರ್ವಜನಿಕ ಹಿತವೂ ಯಾವಾಗಲೂ ಒಂದೇ ಆಗಿರಬೇಕಿಲ್ಲ.

ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರ ತಮ್ಮ 'ಎ ಥಿಯರಿ ಆಫ್ ಜಸ್ಟಿಸ್' ಕೃತಿಯಲ್ಲಿ ಮಾಡುವ ಒಂದು ವ್ಯತ್ಯಾಸ ಇಲ್ಲಿ ನೆನಪಾಗುತ್ತದೆ. ಜೂಜಿನಲ್ಲಿ ಆಟ ಮೋಸವಿಲ್ಲದೆ ನಡೆದರೆ ಸಾಕು, ಯಾರು ಗೆದ್ದರೂ ಅದು ನ್ಯಾಯವೇ. 'ಯಾರು ಗೆಲ್ಲಬೇಕಿತ್ತು' ಎಂಬ ಪ್ರಶ್ನೆಗೆ ಅಲ್ಲಿ ಅರ್ಥವಿಲ್ಲ. ಕೋರ್ಟಿನ ವಿಚಾರಣೆ ಹಾಗಲ್ಲ. ಎಲ್ಲ ನಿಯಮ ಪಾಲಿಸಿದ ಮೇಲೂ ನಿರಪರಾಧಿಗೆ ಶಿಕ್ಷೆಯಾಗಬಹುದು. ಆಗ ನಿಯಮ ತಪ್ಪದಿದ್ದರೂ ನ್ಯಾಯ ತಪ್ಪಿತು ಎನ್ನುತ್ತೇವೆ. ನಾವು ಟೆಂಡರನ್ನು ಜೂಜಿನಂತೆ ಕಾಣುತ್ತೇವೆ, ಮೋಸ ನಡೆದಿಲ್ಲವೆಂದರೆ ಮುಗಿಯಿತು. ನನಗನ್ನಿಸುವಂತೆ ಅದು ವಿಚಾರಣೆಯ ಜಾತಿಗೆ ಸೇರಿದ್ದು. ಒಂದು ಪೈಸೆ ಲಂಚವಿಲ್ಲದೆಯೂ ಜಾಗ ತಪ್ಪು ಕೈ ಸೇರಬಹುದು.

ಲಂಡನ್ನಿನ ಕಾಯಿನ್ ಸ್ಟ್ರೀಟ್ ಕಥೆ ನನಗೆ ಇದನ್ನು ಸ್ಪಷ್ಟಮಾಡಿತು. ಅದು ಥೇಮ್ಸ್ ನದಿಯ ದಕ್ಷಿಣ ದಂಡೆಯ ಸುಮಾರು 13 ಎಕರೆ. ಅಲ್ಲಿ ಕಚೇರಿ ಕಟ್ಟಡಗಳನ್ನು ಎಬ್ಬಿಸಲು ಡೆವಲಪರ್ ಒಬ್ಬರು ಹೊರಟರು. ಸುತ್ತಲಿನ ನಿವಾಸಿಗಳು ಕೈಗೆಟುಕುವ ಬಾಡಿಗೆಯ ಮನೆ, ಉದ್ಯಾನ, ಸಣ್ಣ ಅಂಗಡಿಗಳ ತಮ್ಮದೇ ಯೋಜನೆ ಮುಂದಿಟ್ಟರು. ಎರಡು ಸಾರ್ವಜನಿಕ ವಿಚಾರಣೆಗಳಾದವು. ಕೊನೆಗೆ ಎರಡು ಯೋಜನೆಗಳಿಗೂ ಅನುಮತಿ ಸಿಕ್ಕಿತು! ಆಯ್ಕೆ ಈಗ ಜಾಗದ ಒಂದು ಭಾಗದ ಒಡೆತನವಿದ್ದ ಗ್ರೇಟರ್ ಲಂಡನ್ ಕೌನ್ಸಿಲ್‌ನ ಕೈಯಲ್ಲಿತ್ತು. 1984ರಲ್ಲಿ ಡೆವಲಪರ್ ತನ್ನ ಪಾಲನ್ನು ಕೌನ್ಸಿಲ್‌ಗೆ ಮಾರಿ ಹೊರನಡೆದರು. ಕೌನ್ಸಿಲ್ ಇಡೀ ಜಾಗವನ್ನು ನಿವಾಸಿಗಳ ಲಾಭರಹಿತ ಕಂಪನಿಗೆ 10 ಲಕ್ಷ ಪೌಂಡಿಗೆ ಕೊಟ್ಟಿತು.

ಅಷ್ಟು ಕಡಿಮೆ ಬೆಲೆ ಹೇಗೆ? ಈ ಜಾಗವನ್ನು ಇಂಥದ್ದಕ್ಕೇ ಬಳಸಬೇಕೆಂಬ ಷರತ್ತನ್ನು ಕೌನ್ಸಿಲ್ ಮೊದಲೇ ವಿಧಿಸಿತ್ತು. ಕಚೇರಿ ಕಟ್ಟಬಹುದಾದ ನೆಲಕ್ಕೆ ಒಂದು ಬೆಲೆ, ಕಡಿಮೆ ಬಾಡಿಗೆಯ ಮನೆಯನ್ನೇ ಕಟ್ಟಬೇಕಾದ ನೆಲಕ್ಕೆ ಇನ್ನೊಂದು. ಅಂದರೆ ಬೆಲೆ ನೆಲದೊಳಗೆ ಹುದುಗಿರುವ ವಸ್ತುವಲ್ಲ, ನಾವು ಬರೆಯುವ ಷರತ್ತಿನಿಂದ ಹುಟ್ಟುವಂಥದ್ದು. ಲಕೋಟೆ ಒಡೆಯುವ ಹೊತ್ತಿಗೆ ನೈತಿಕ ತೀರ್ಮಾನ ಆಗಿಹೋಗಿರುತ್ತದೆ. ಉಳಿಯುವುದು ಕೂಡುವ ಕಳೆಯುವ ಲೆಕ್ಕ. ಯಾವ ಷರತ್ತನ್ನೂ ಬರೆಯದಿರುವುದೂ ಒಂದು ತೀರ್ಮಾನವೇ.

ಇಂದು ಅಲ್ಲಿ ಸಹಕಾರಿ ಮನೆಗಳಿವೆ, ಬರ್ನಿ ಸ್ಪೇನ್ ಉದ್ಯಾನವಿದೆ, ಆಕ್ಸೋ ಟವರಿನಲ್ಲಿ ವಿನ್ಯಾಸಕಾರರ ಮಳಿಗೆಗಳಿವೆ. ಆದರೂ ಈ ಕಥೆಯನ್ನು ಶುದ್ಧ ಗೆಲುವೆಂದು ಹೇಳಲು ನನಗೆ ಅಳುಕು. ಬಿಟ್ಟುಕೊಟ್ಟ ಹಣ ಊರಿನ ಇನ್ನೊಂದು ಮೂಲೆಯಲ್ಲಿ ಮನೆಯಿಲ್ಲದವರಿಗೂ ಸೇರಿದ್ದಲ್ಲವೇ? ಆ ದಂಡೆಯ ನಿವಾಸಿಗಳಷ್ಟೇ 'ಸಾರ್ವಜನಿಕರು' ಎಂದು ಹೇಳಿದವರಾರು? ಅಲ್ಲದೆ, ಷರತ್ತು ಬರೆಯುವ ಕೈ ತನ್ನವರಿಗೆ ಒಪ್ಪುವಂತೆ ಬರೆಯಬಾರದೆಂದೇನಿಲ್ಲ. ಒಬ್ಬನ ಅಳತೆಗೆ ಸರಿಯಾಗಿ ಹೊಲಿದ ಅಂಗಿಯಂಥ ಟೆಂಡರುಗಳ ಸುದ್ದಿ ನಮಗೆ ಹೊಸದಲ್ಲ.

ಮೊನ್ನೆ ಫೋನಿನಲ್ಲಿ ಮಾವನಿಗೆ ಈ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಆ ಷರತ್ತು ಬರೆದೋರು ಯಾರು? ಬರೆಯೋವಾಗ ಯಾರ್ಯಾರಿಗೆ ಗೊತ್ತಿತ್ತು?" ಎಂದರು. ನನ್ನ ಅಷ್ಟೂ ಓದಿಗಿಂತ ಆ ಎರಡು ಪ್ರಶ್ನೆಗಳು ಸರಿಯಾದ ಜಾಗಕ್ಕೆ ಕೈಯಿಟ್ಟವು. ಮಾವ ದೊಡ್ಡ ಅಂಕಿಯನ್ನು ನಂಬಿದ್ದು ಅದು ಒಳ್ಳೆಯದೆಂದಲ್ಲ, ಬಾಗಿಲು ಮುಚ್ಚಿ ಬರೆಯುವವರನ್ನು ನಂಬಲಾಗದ್ದಕ್ಕೆ. ಹಾಗಾದರೆ ನಾವು ಕೇಳಬೇಕಾದದ್ದು ಆ ಬಾಗಿಲು ತೆರೆಯುವುದನ್ನು: ಊರಿಗೆ ಏನು ಬೇಕು, ಹಳೆಯ ಅಂಗಡಿಯವರಿಗೆ ಯಾವ ಬಾಡಿಗೆಗೆ ಜಾಗ, ಯಾವುದಕ್ಕೆ ಎಷ್ಟು ಅಂಕ ಎಂಬುದು ಬಿಡ್ ಬರುವ ಮೊದಲೇ ಎಲ್ಲರೆದುರು ಚರ್ಚೆಯಾಗಲಿ. ಆಮೇಲೆ ಆ ಷರತ್ತಿಗೆ ಒಪ್ಪುವವರಲ್ಲಿ ಜಾಸ್ತಿ ಕೂಗಿದವರಿಗೇ ಹೋಗಲಿ.

ಟೆಂಡರ್ ಪ್ರಕಟಣೆ ಇನ್ನೂ ಹೊರಬಿದ್ದಿಲ್ಲ. ಷರತ್ತುಗಳ ಕರಡನ್ನು ಮೊದಲು ತೋರಿಸಿ ಎಂದು ಮಳಿಗೆಯವರೆಲ್ಲ ಸೇರಿ ಪುರಸಭೆಗೊಂದು ಅರ್ಜಿ ಕೊಡುವುದೆಂದಾಗಿದೆ. ಬರೆಯುವ ಕೆಲಸ ನನ್ನದು. ನಾನು ನಾಲ್ಕು ಪುಟ ಬರೆದು ಕಳಿಸಿದೆ. "ಒಂದು ಪುಟಕ್ಕೆ ಇಳಿಸಮ್ಮ, ಸಹಿ ಹಾಕೋರು ಓದ್ಬೇಕಲ್ಲ" ಎಂದರು ಮಾವ.